ಬೆರಿಯಾದ ದಾಖಲೆಗಳಲ್ಲಿ ಹಾಡುಗಳಷ್ಟೇ ಇಲ್ಲ

ಅಮೆರಿಕದ ಪೂರ್ವಭಾಗದ ಅಪಲೇಚಿಯಾ ಬೆಟ್ಟಸೀಮೆಯ ಕಾಲೇಜುಗಳ ದಾಖಲೆ ಸಂಗ್ರಹಗಳ ಬಗೆಗಿನ ಲೇಖನಮಾಲೆಯ ಒಂದು ಕಂತನ್ನು ಓದಿದೆ. ಅದರಲ್ಲಿ ಬ್ಯಾಂಜೊ, ಪಿಟೀಲು, ಲಾವಣಿಗಳ ಹಳೆಯ ಧ್ವನಿಮುದ್ರಣಗಳ ವಿವರ ಸೊಗಸಾಗಿದೆ. ಆದರೆ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜನ್ನು ಹೆಸರಿಸಿ, ಅಲ್ಲಿನ ಕಪ್ಪು ವಿದ್ಯಾರ್ಥಿಗಳಿಗೆ ಒಂದು ಸಾಲನ್ನೂ ಕೊಡದಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಪಾದ್ರಿ ಜಾನ್ ಫೀ 1855ರಲ್ಲಿ ಕಟ್ಟಿದ ಸಂಸ್ಥೆ ಅದು. ಅಂತರ್ಯುದ್ಧದ ನಂತರ ಅಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಕೂತು ಓದಿದರು. ಗುಲಾಮಗಿರಿ ಬೇರೂರಿದ್ದ ಅಮೆರಿಕದ ದಕ್ಷಿಣದ ನೆಲದಲ್ಲಿ, ಆ ಕಾಲದಲ್ಲಿ! ಇದನ್ನು ಸಹಿಸದ ರಾಜ್ಯ ಶಾಸನಸಭೆ 1904ರಲ್ಲಿ ಡೇ ಕಾಯ್ದೆ ತಂದು ಕಪ್ಪು, ಬಿಳಿಯರು ಒಟ್ಟಿಗೆ ಓದುವುದನ್ನೇ ಅಪರಾಧವಾಗಿಸಿತು. ಕಾಲೇಜು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1908ರಲ್ಲಿ ಸೋತಿತು. ಕಾಯ್ದೆ ಸಡಿಲಗೊಂಡದ್ದು 1950ರಲ್ಲಿ. ಮುಂದೆ ಕಪ್ಪು ಜನರ ಇತಿಹಾಸವನ್ನು ಶಾಸ್ತ್ರೀಯವಾಗಿ ಬರೆಯಲು ಬದುಕನ್ನೇ ಕೊಟ್ಟ ಕಾರ್ಟರ್ ವುಡ್ಸನ್ ಅಲ್ಲಿ ಪದವಿ ಪಡೆದದ್ದು 1903ರಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚುವ ಮುನ್ನಾ ವರ್ಷ.

ಹಾಗಾಗಿ ಹಳೆಯ ಪ್ರವೇಶ ಪಟ್ಟಿಗಳು, ಪತ್ರಗಳು, ಗುಂಪು ಛಾಯಾಚಿತ್ರಗಳು ಹಾಡುಗಳಿಗಿಂತ ಕಡಿಮೆಯವಲ್ಲ. ಅಪಲೇಚಿಯಾ ಎಂದರೆ ಬಿಳಿಯ ಬಡವರ ಸೀಮೆ ಎಂಬ ಜನಪ್ರಿಯ ಚಿತ್ರವನ್ನು ಅವು ಸುಳ್ಳಾಗಿಸುತ್ತವೆ.

ಇನ್ನೊಂದು ಮಾತು. 2022ರ ಜುಲೈ ಪ್ರವಾಹದಲ್ಲಿ ಅದೇ ರಾಜ್ಯದ ವೈಟ್ಸ್‌ಬರ್ಗ್‌ನ ಆಪಲ್‌ಶಾಪ್ ಎಂಬ ಕಲೆ ಮತ್ತು ಮಾಧ್ಯಮ ಸಂಸ್ಥೆಯ ದಾಖಲೆ ಕೋಠಿಗೆ ನೀರು ನುಗ್ಗಿ, ದಶಕಗಳ ಚಲನಚಿತ್ರ ಸುರುಳಿಗಳೂ ಟೇಪುಗಳೂ ಕೆಸರಿನಲ್ಲಿ ನೆನೆದವು. ಡಿಜಿಟಲ್ ಪ್ರತಿಗಳನ್ನು ಬೇರೆ ಊರುಗಳಲ್ಲಿಯೂ ಇಡಬೇಕಾದ ಅಗತ್ಯವನ್ನು ಲೇಖಕರು ಮುಂದಿನ ಕಂತಿನಲ್ಲಿ ದಯವಿಟ್ಟು ವಿವರವಾಗಿ ಬರೆಯಲಿ.