ಜಪಸರದ ನೂರು ಮಣಿಗಳು

ಎರಡನೆಯ ತರಗತಿಯಲ್ಲಿರುವ ನನ್ನ ಅಣ್ಣನ ಮಗಳಿಗೆ ಓದಿ ಹೇಳಲೆಂದು ಸಾಧಕರ ಜೀವನಕಥೆಗಳಿರುವ ಚಿತ್ರಪುಸ್ತಕಗಳನ್ನು ಕೆಲವು ತಿಂಗಳಿಂದ ಹುಡುಕುತ್ತಿದ್ದೇನೆ. ಕೈಗೆ ಸಿಕ್ಕವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು: ಹುಟ್ಟಿದ ಊರು, ತಂದೆತಾಯಿಯ ಹೆಸರು, ಬಾಲ್ಯದಲ್ಲೇ ತೋರಿದ ಪ್ರತಿಭೆ, ಪಡೆದ ಪ್ರಶಸ್ತಿಗಳು, ತೀರಿಕೊಂಡ ದಿನ. ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಲು ಇಷ್ಟು ಸಾಕಾಗಬಹುದು. ಆದರೆ ಅವರು ದಿನವಿಡೀ ಏನು ಕೆಲಸ ಮಾಡುತ್ತಿದ್ದರು ಎಂದು ಏಳು ವರ್ಷದ ಮಗು ಕೇಳಿದರೆ ಅಂಥ ಪುಸ್ತಕದಲ್ಲಿ ಉತ್ತರವಿರುವುದಿಲ್ಲ.

ಕೊನೆಗೆ ನಾನು ಪುಸ್ತಕವನ್ನು ಬದಿಗಿಟ್ಟು ನೈನ್ ಸಿಂಗ್ ರಾವತ್ ಅವರ ಕಥೆಯನ್ನು ಬಾಯಲ್ಲೇ ಹೇಳಿದೆ. ಕುಮಾವೂನಿನ ಮಿಲಮ್ ಎಂಬ ಗಡಿಹಳ್ಳಿಯಲ್ಲಿ 1830ರಲ್ಲಿ ಹುಟ್ಟಿದ ಈ ಶಾಲಾಮೇಷ್ಟ್ರು, ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಟಿಬೆಟ್ಟಿನ ನಕ್ಷೆ ತಯಾರಿಸಲು ಬ್ರಿಟಿಷ್ ಸರ್ವೆ ಇಲಾಖೆಯ ಪರವಾಗಿ ವೇಷ ಮರೆಸಿಕೊಂಡು ಹೊರಟು, 1866ರ ಜನವರಿಯಲ್ಲಿ ಲ್ಹಾಸಾ ತಲುಪಿದರು. ಏರಿರಲಿ, ಇಳಿಜಾರಿರಲಿ, ಹೆಜ್ಜೆಯ ಅಳತೆ ಬದಲಾಗದಂತೆ ನಡೆಯುವುದನ್ನು ಅವರಿಗೆ ಡೆಹ್ರಾಡೂನಿನಲ್ಲಿ ಕಲಿಸಲಾಗಿತ್ತು. ಸುಮಾರು 2,000 ಹೆಜ್ಜೆಗೆ ಒಂದು ಮೈಲಿ. ಅವರ ಜಪಸರದಲ್ಲಿ 108 ಮಣಿಗಳ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತ ಹೋದರೆ ಸರ ಒಂದು ಸುತ್ತು ಮುಗಿಯುವಾಗ 10,000 ಹೆಜ್ಜೆ ಆಗಿರುತ್ತಿತ್ತು. ಬೈಲಕುಪ್ಪೆಗೆ ಹೋದ ನಮ್ಮ ಮಕ್ಕಳು ನೋಡಿರುವಂಥ ಪ್ರಾರ್ಥನಾ ಚಕ್ರವೊಂದು ಅವರ ಕೈಯಲ್ಲಿರುತ್ತಿತ್ತು. ಅದರೊಳಗೆ ಮಂತ್ರದ ಸುರುಳಿಯಿರಬೇಕಾದ ಜಾಗದಲ್ಲಿ ಅಳತೆಯ ಟಿಪ್ಪಣಿಗಳಿದ್ದವು. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುವುದರಿಂದ, ನೀರು ಕುದಿಸಿ ಥರ್ಮಾಮೀಟರ್ ನೋಡಿ ಅವರು ಆ ನೆಲದ ಎತ್ತರವನ್ನು ಗುರುತಿಸುತ್ತಿದ್ದರು.

ಮರುದಿನ ಮಗು ಅಜ್ಜಿಯ ಜಪಸರವನ್ನು ಕೇಳಿ ಪಡೆದು, ಜಗುಲಿಯಿಂದ ಬಾವಿಕಟ್ಟೆಯವರೆಗೆ ಎಣಿಸುತ್ತ ನಡೆದಳು. ಎಂಟು ಮಣಿಗಳನ್ನು ಏಕೆ ಕಡಿಮೆ ಮಾಡಿದರೆಂಬುದು ನಾನು ವಿವರಿಸುವ ಮೊದಲೇ ಅವಳಿಗೆ ಹೊಳೆದಿತ್ತು. ಚಿತ್ರಪುಸ್ತಕದಿಂದ ನಾನು ಬಯಸುವುದು ಇದನ್ನೇ. ಸರವನ್ನೂ ಚಕ್ರವನ್ನೂ ಬಿಡಿಸಿ ತೋರಿಸುವ ಚಿತ್ರವೊಂದಿದ್ದರೆ, ಸಾಹಸಿ, ಧೀರ ಎಂಬ ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟದ್ದಕ್ಕೆ ಕೊನೆಯ ಪುಟದ ಒಂದು ಸಾಲು ಸಾಕು.

ಕಲಾವಿದರ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕೆ. ವೆಂಕಟಪ್ಪನವರ ಬಗ್ಗೆ ಮಕ್ಕಳಿಗೆ ಪುಸ್ತಕ ಮಾಡುವವರು ಅವರ ಭಾವಚಿತ್ರಕ್ಕಿಂತ ಮೊದಲು ಅವರು ಬರೆದ ಊಟಿಯ ಜಲವರ್ಣ ದೃಶ್ಯವೊಂದನ್ನು ಇಡೀ ಪುಟಕ್ಕೆ ಅಚ್ಚು ಹಾಕಬೇಕು.

ನೋವಿನ ಭಾಗವನ್ನು ಮಕ್ಕಳಿಂದ ಮುಚ್ಚಿಡುವುದನ್ನೂ ನಾನು ಒಪ್ಪುವುದಿಲ್ಲ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಹೋದ ವಜ್ರದ ಓಲೆಯನ್ನು ಬೇಡವೆಂದು ವಿಶ್ವಕೋಶ ಕೇಳಿದ ಹವಾಮಾನ ವಿಜ್ಞಾನಿ ಅನ್ನಾ ಮಣಿಯವರು, ಮುಂದೆ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳು ಹೊಮ್ಮಿಸುವ ಬೆಳಕನ್ನೇ ಅಭ್ಯಾಸ ಮಾಡಿದರು. ಒಂದೊಂದು ಫೋಟೋ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಅಲ್ಲೇ ಕಳೆದರು. ಹಾಗಿದ್ದೂ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಈ ಅನ್ಯಾಯ ಏಳು ವರ್ಷದವರಿಗೆ ಖಂಡಿತ ಅರ್ಥವಾಗುತ್ತದೆ, ಏಕೆಂದರೆ ಆಟದ ನಿಯಮ ಹೇಳಿ ಒಬ್ಬರನ್ನು ಹೊರಗಿಡುವುದನ್ನು ಅವರು ದಿನಾ ನೋಡುತ್ತಾರೆ. ಪಿಎಚ್.ಡಿ.ಗೆಂದು ಅವರು ಬರೆದ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ. ಒಂದು ಪುಟದಲ್ಲಿ ಆ ಪ್ರಬಂಧವೊಂದನ್ನೇ ಬರೆದು ತೋರಿಸಿ, ಮುಂದಿನ ಪುಟದಲ್ಲಿ ಅನ್ನಾ ಮಣಿಯವರು ಪುಣೆಯ ಹವಾಮಾನ ಇಲಾಖೆಯಲ್ಲಿ ಸಿದ್ಧಪಡಿಸಿದ ಸುಮಾರು 100 ಉಪಕರಣಗಳ ನಕಾಶೆಗಳನ್ನು ಹರಡಿದರೆ, ನಡುವಿನ ಮಾತನ್ನು ಮಗು ತಾನೇ ಆಡುತ್ತದೆ.