ಕಡಲಿಲ್ಲದ ದೇಶಕ್ಕೂ ಕಡಲಿನ ಹಕ್ಕುಂಟು, ಆದ್ರೆ ಗೇಟಿನ ಬೀಗ ಯಾರ ಕೈಯಲ್ಲಿ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹುಟ್ಟಿದ ನಮಗೆ ಸಮುದ್ರ ಇಲ್ಲದ ದೇಶದ ಕಷ್ಟ ಬೇಗ ತಲೆಗೆ ಹೋಗುದಿಲ್ಲ. ಜಗತ್ತಿನಲ್ಲಿ ಅಂಥ ದೇಶ 40ಕ್ಕಿಂತ ಜಾಸ್ತಿ ಉಂಟು, ನಮ್ಮ ಪಕ್ಕದಲ್ಲೇ ನೇಪಾಳ, ಭೂತಾನ್. ಉಜ್ಬೇಕಿಸ್ತಾನದವರಂತೂ ಬಂದರು ಮುಟ್ಬೇಕಾದ್ರೆ ಕಡಿಮೆ ಅಂದ್ರೂ ಎರಡು ಗಡಿ ದಾಟ್ಬೇಕು.

ಇವರಿಗೆ ಹಕ್ಕೇ ಇಲ್ವಾ ಅಂದ್ರೆ, ಉಂಟು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 125ನೇ ವಿಧಿಯಲ್ಲಿ ಕಡಲಿಗೆ ಹೋಗಿ ಬರುವ ಹಕ್ಕು, ನಡುವಿನ ದೇಶದ ಮೂಲಕ ಸರಕು ಸಾಗಿಸುವ ಸ್ವಾತಂತ್ರ್ಯ ಎರಡನ್ನೂ ಸ್ಪಷ್ಟವಾಗಿ ಬರೆದಿದ್ದಾರೆ. ದಾಟಿ ಹೋಗುವ ಸರಕಿಗೆ ಕಸ್ಟಮ್ಸ್ ಸುಂಕ ಹಾಕುವ ಹಾಗಿಲ್ಲ, ಮಾಡಿಕೊಟ್ಟ ಸೇವೆಗೆ ಮಾತ್ರ ಚಾರ್ಜ್ ತಗೊಳ್ಬಹುದು. ಅವರ ಹಡಗು ಅವರದ್ದೇ ಧ್ವಜ ಹಾರಿಸ್ಬಹುದು. ಮೀನಿನಲ್ಲೂ ಪಾಲುಂಟು, ಅದೇ ಭಾಗದ ಕರಾವಳಿ ದೇಶ ಹಿಡಿದು ಮುಗಿಸ್ಲಿಕ್ಕಾಗದ ಹೆಚ್ಚುವರಿ ಮೀನಿನಲ್ಲಿ, ಆದ್ರೆ ತನಗೆ ಎಷ್ಟು ಹಿಡಿಲಿಕ್ಕಾಗ್ತದೆ ಅಂತ ಲೆಕ್ಕ ಹೇಳುದು ಆ ಕರಾವಳಿ ದೇಶವೇ.

ನನ್ನ ಸಿಟ್ಟು ಇರುದು ಅದೇ 125ನೇ ವಿಧಿಯ ಮುಂದಿನ ಸಾಲಿನ ಮೇಲೆ. ಸಾಗಾಟದ ಷರತ್ತುಗಳನ್ನು ಆಯಾ ದೇಶಗಳು ಕೂತು ಒಪ್ಪಂದದಲ್ಲಿ ತೀರ್ಮಾನಿಸ್ಬೇಕಂತೆ. ಅಂದ್ರೆ ಹಕ್ಕು ನಿನ್ನದು, ಗೇಟು ತೆಗೆಯುದು ಪಕ್ಕದವನು. 1989ರಲ್ಲಿ ವ್ಯಾಪಾರ ಮತ್ತು ಸಾಗಾಟದ ಒಪ್ಪಂದದ ಅವಧಿ ಮುಗಿದಾಗ ಭಾರತ ನೇಪಾಳದ ಕಡೆಗಿನ ಹೆಚ್ಚಿನ ದಾರಿಗಳನ್ನು ಮುಚ್ಚಿತು. 2015ರ ಏಪ್ರಿಲ್‌ನಲ್ಲಿ ಭೂಕಂಪ ಆಗಿ ಜನ ಇನ್ನೂ ಟಾರ್ಪಾಲಿನಡಿ ಇದ್ರು, ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು, ಗಲಾಟೆ ಶುರುವಾಯ್ತು, ರಕ್ಸೌಲ್ ಬಿರ್‌ಗಂಜ್ ಗಡಿಯಲ್ಲಿ ಲಾರಿಗಳು ಸಾಲಾಗಿ ನಿಂತವು. ನಾವು ತಡೆದಿಲ್ಲ, ನೇಪಾಳದ ತೆರಾಯಿ ಬಯಲಿನ ಮಧೇಸಿ ಜನರ ಪ್ರತಿಭಟನೆ ಕಾರಣ ಅಂತ ಭಾರತ ಹೇಳಿತು, ಇದು ದಿಗ್ಬಂಧನ ಅಂತ ನೇಪಾಳ ಹೇಳಿತು. ಯಾರು ಸರಿ ಅಂತ ಜಗಳ ಮಾಡ್ಲಿ, ಗ್ಯಾಸ್ ಇಲ್ಲದೆ, ಮದ್ದಿಲ್ಲದೆ ತಿಂಗಳುಗಟ್ಟಲೆ ಒದ್ದಾಡಿದ್ದು ಅಲ್ಲಿಯ ಸಾಮಾನ್ಯ ಜನ.

ಕಾಸರಗೋಡಿನವರಿಗೆ ಇದು ಅರ್ಥ ಆಗ್ಬೇಕು ಮಾರಾಯ್ರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ತಲಪಾಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳ ಗತಿ ಏನಾಯ್ತು ಅಂತ ನೆನಪುಂಟಲ್ಲ. ನಮಗೆ ಹೋಗ್ಲಿಕ್ಕೆ ಕೋರ್ಟಾದ್ರೂ ಇತ್ತು, ಏಪ್ರಿಲ್ 1ಕ್ಕೇ ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯ್ತು. ದೇಶ ದೇಶದ ನಡುವೆ ಅಷ್ಟು ಬೇಗ ಕೇಳುವವರು ಯಾರು? ಚಿಲಿ ಜೊತೆಗಿನ ಯುದ್ಧದಲ್ಲಿ ಕರಾವಳಿ ಕಳಕೊಂಡ ಬೊಲಿವಿಯಾ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ 2013ರಲ್ಲಿ ಹೋಗಿ, ತೀರ್ಪು ಬಂದದ್ದು 2018ರಲ್ಲಿ. ಅವರು ಕೇಳಿದ್ದು ಬರೀ ದಾರಿಯಲ್ಲ, ತಮ್ಮದೇ ಕರಾವಳಿ ಸಿಗುವ ಬಗ್ಗೆ ಚಿಲಿ ಮಾತುಕತೆಗೆ ಬರ್ಲಿ ಅಂತ. ಬರಲೇಬೇಕಂತ ಕಟ್ಟುಪಾಡಿಲ್ಲ ಅಂದಿತು ಕೋರ್ಟು, 12ಕ್ಕೆ 3 ಮತದಲ್ಲಿ.

ಕಳ್ಳಸಾಗಾಟ, ಭದ್ರತೆ ಅಂತ ಕೆಲವರು ಹೇಳ್ತಾರೆ, ಅದು ಸುಳ್ಳಲ್ಲ. ದಾರಿ ಕೊಡುವ ದೇಶ ತನ್ನ ಹಿತ ಕಾಪಾಡಿಕೊಳ್ಬಹುದು ಅಂತ ಅದೇ ಕಾನೂನಿನಲ್ಲಿ ಉಂಟು. ಕೋಲ್ಕತ್ತಾ ಬಂದರಿನಿಂದ ನೇಪಾಳಕ್ಕೆ ಹೋಗುವ ಕಂಟೇನರ್‌ಗೆ ಈಗ ಎಲೆಕ್ಟ್ರಾನಿಕ್ ಸೀಲ್ ಹಾಕಿ ಟ್ರ್ಯಾಕ್ ಮಾಡ್ತಾರೆ. ಚೆಕ್ ಮಾಡ್ಲಿ, ಸೀಲ್ ಹಾಕ್ಲಿ. ಆದ್ರೆ ಒಪ್ಪಂದ ಮುಗಿದರೂ, ಸರಕಾರಗಳು ಮುನಿಸಿಕೊಂಡ್ರೂ ಅಕ್ಕಿ, ಮದ್ದು, ಗ್ಯಾಸ್ ಹೊತ್ತ ಲಾರಿ ನಿಲ್ಲಬಾರದು ಅಂತ ಬರಹದಲ್ಲಿ ಬರ್ಬೇಕು, ಮತ್ತು ಅದನ್ನು ಮೊದಲು ಬರೆದುಕೊಡ್ಬೇಕಾದದ್ದು ದೊಡ್ಡ ಕರಾವಳಿ ಇರುವ ನಮ್ಮ ದೇಶವೇ.