ಹಾಕಿದ್ವಲ್ಲ, ನೋಡಿಲ್ವಾ?

ಕಳೆದ ಭಾನುವಾರ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೈಯಲ್ಲೊಂದು ಹೂಗುಚ್ಛ ಹಿಡಿದು, ಒಂದು ಹಾಲ್ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಗೆಳೆಯ ಕೆಲಸದಿಂದ ನಿವೃತ್ತನಾದ ಖುಷಿಗೆ ಪಾರ್ಟಿ. ಎಲ್ಲರೂ ತಡ ಮಾಡುವವರೇ, ಸಮಯಕ್ಕೆ ಸರಿಯಾಗಿ ಬಂದವನು ನಾನೊಬ್ಬನೇ ಅಂತ ಮೊದಲ ಅರ್ಧ ಗಂಟೆ ಒಳಗೊಳಗೇ ಬೀಗಿದೆ. ಬಾಗಿಲಿಗೂ ಬೀಗವೇ ಇತ್ತು, ಅದು ಆಮೇಲೆ ಕಣ್ಣಿಗೆ ಬಿತ್ತು.

"ಅದು ಮುಂದಿನ ವಾರಕ್ಕೆ ಹೋಯ್ತಲ್ಲ ಸಾರ್," ಅಂದ ವಾಚ್‌ಮನ್. "ಗ್ರೂಪಲ್ಲಿ ಹಾಕಿದ್ರಂತೆ, ನೋಡಿಲ್ವಾ?"

ವಾಚ್‌ಮನ್‌ಗೂ ಗೊತ್ತು. ನನಗೆ ಗೊತ್ತಿಲ್ಲ. ಯಾಕಂದ್ರೆ ನನ್ನ ಹತ್ತಿರ ಇರುವುದು ಬಟನ್ ಫೋನು.

ಈ ಫೋನಿನ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಬಾರದು. ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ಬಿಟ್ಟಿದ್ದೇನೆ. ಬಿದ್ದಾಗ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ, ಫೋನು ಮಂಚದ ಕೆಳಗೆ. ಮೂರನ್ನೂ ಹೆಕ್ಕಿ ಜೋಡಿಸಿದರೆ ಏನೂ ಆಗೇ ಇಲ್ಲ ಅನ್ನುವಂತೆ ಎದ್ದು ಕೂರುತ್ತದೆ. ಚಾರ್ಜರ್ ಎಲ್ಲಿಟ್ಟಿದ್ದೇನೆ ಅನ್ನುವುದೇ ಮರೆತುಹೋಗುವಷ್ಟು ದಿನ ಚಾರ್ಜ್ ನಿಲ್ಲುತ್ತದೆ. 2003ರಲ್ಲಿ ಬಂದ ನೋಕಿಯಾ 1100 ಪ್ರಪಂಚದಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಗಿತ್ತು. ನೆತ್ತಿಯಲ್ಲಿ ಟಾರ್ಚು, ಮೈಗೆ ಧೂಳು ಹೋಗದ ಕೀಪ್ಯಾಡು. ಅಷ್ಟು ಜನ ಸುಮ್ನೆ ಕೊಂಡಿರುತ್ತಾರಾ?

ಒಪ್ಪುತ್ತೇನೆ, ಕನ್ನಡದ ವಿಷಯದಲ್ಲಿ ಇದು ಸ್ವಲ್ಪ ಕೈ ಕೊಡುತ್ತದೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅಂತ ಒಂದಕ್ಷರ ಬರೆದರೆ ಆರು ಖರ್ಚು. ಇಷ್ಟೆಲ್ಲಾ ಲೆಕ್ಕ ಹಾಕಿ ಯಾರಾದರೂ ಕನ್ನಡದಲ್ಲಿ ಕಳಿಸಿದರೂ ನನ್ನ ಫೋನಿನಲ್ಲಿ ಕಾಣುವುದು ಸಾಲಾಗಿ ನಿಂತ ಖಾಲಿ ಚೌಕಗಳು. ಚೌಕ ಜಾಸ್ತಿ ಇದ್ದರೆ ಏನೋ ಮುಖ್ಯ ವಿಷಯ ಅಂತ ತಿಳಿದು ಫೋನ್ ಮಾಡುತ್ತೇನೆ.

ಸ್ಮಾರ್ಟ್‌ಫೋನ್ ತಗೋ ಅಂತ ನನ್ನ ಬೆನ್ನು ಬಿದ್ದಿರುವವರು ಅಕ್ಕನ ಗಂಡ, ನಮ್ಮ ಭಾವ. "ಸಿಂಗಪುರದಲ್ಲಿ 2017ರಲ್ಲೇ 2ಜಿ ಮುಚ್ಚಿಬಿಟ್ರು ಕಣಯ್ಯಾ, ನಾಳೆ ನಿನ್ನ ಡಬ್ಬ ಪೇಪರ್‌ವೇಟ್ ಆಗುತ್ತೆ" ಅಂತ ಹೆದರಿಸುತ್ತಾರೆ. 4ಜಿ ಬಟನ್ ಫೋನೂ ಬಂದಿದೆ ಭಾವ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವರ ದೊಡ್ಡ ಅಸ್ತ್ರ ಒಂದೇ ಮಾತು: "ಸ್ಮಾರ್ಟ್‌ಫೋನ್ ಇದ್ರೆ ಎಲ್ಲಾ ಬೆರಳ ತುದೀಲಿ!"

ಹಾಗಂದವರು ನನಗೆ ಒಂದು ಫೋಟೋ ತೋರಿಸಲು ಹೊರಡುತ್ತಾರೆ. ಕಷ್ಟ ಶುರುವಾಗುವುದೇ ಇಲ್ಲಿ.

"ಒಂದ್ನಿಮಿಷ," ಅನ್ನುತ್ತಾರೆ. ಕನ್ನಡಕ ಹಣೆಗೆ ಏರುತ್ತದೆ. ಬೆರಳು ಪರದೆಯ ಮೇಲೆ ಓಡತೊಡಗುತ್ತದೆ. ಅವರದೇ ಹೆಬ್ಬೆರಳಿನ ಫೋಟೋ. ಕರೆಂಟ್ ಬಿಲ್ಲು. ಒಂದೇ ಬೆಕ್ಕಿನ ಹನ್ನೊಂದು ಫೋಟೋ, ಹನ್ನೊಂದರಲ್ಲೂ ಬೆಕ್ಕು ಆ ಕಡೆ ನೋಡುತ್ತಿದೆ. ಗುಲಾಬಿ ಹಿಡಿದ ಶುಭೋದಯ. ಮತ್ತೆ ಕರೆಂಟ್ ಬಿಲ್ಲು. "ಇಲ್ಲೇ ಇತ್ತು," ಅನ್ನುತ್ತಾರೆ. ನಾನು ಎದ್ದು ನೀರು ಕುಡಿದು ಬರುತ್ತೇನೆ. "ಬಂತು ಬಂತು," ಅನ್ನುತ್ತಾರೆ. ಬಂದಿರುವುದು ಬೆಕ್ಕು. ಅಷ್ಟರಲ್ಲಿ ಯಾರದೋ ಫೋನು. ಹತ್ತು ನಿಮಿಷ ಮಾತಾಡಿ ಇಟ್ಟು ನೋಡಿದರೆ ಎಲ್ಲಿದ್ದೆವು ಅನ್ನುವುದೇ ತಪ್ಪಿಹೋಗಿರುತ್ತದೆ. ಮತ್ತೆ ಮೊದಲಿನಿಂದ. ಎದ್ದು ಹೋಗಲು ಮರ್ಯಾದೆ ಬಿಡುವುದಿಲ್ಲ, ಕೂರಲು ಬೆನ್ನು ಬಿಡುವುದಿಲ್ಲ. ಇಷ್ಟು ವರ್ಷದಲ್ಲಿ ಭಾವ ತೋರಿಸಬೇಕೆಂದಿದ್ದ ಫೋಟೋ ಒಂದನ್ನೂ ನಾನು ನೋಡಿಲ್ಲ. ಬೆಕ್ಕು ಮಾತ್ರ ಎದುರು ಬಂದರೆ ಗುರುತು ಹಿಡಿಯುತ್ತೇನೆ.

ಆದರೂ ಹೂಗುಚ್ಛದ ಅವಮಾನ ಹಸಿಯಾಗಿತ್ತಲ್ಲ. ಹಾಲ್‌ನಿಂದ ಸೀದಾ ಅಕ್ಕನ ಮನೆಗೆ ಹೋದೆ. ಹೂಗಳನ್ನು ಅಕ್ಕನಿಗೆ ಕೊಟ್ಟೆ. ಅವಳು ಗಾಬರಿಯಾಗಿ, "ಯಾಕೋ, ಏನಾಯ್ತು?" ಅಂದಳು. ಭಾವ ಮಾತ್ರ ಇದೇ ಸಮಯ ಅಂತ ತಮ್ಮ ಹಳೆಯ ಸ್ಮಾರ್ಟ್‌ಫೋನನ್ನು ಧೂಳು ಒರೆಸಿ ತಂದರು. ನನ್ನ ಸಿಮ್ ತೆಗೆದು ಅದಕ್ಕೆ ಹಾಕಿ, "ಎರಡು ದಿನ ಇಟ್ಕೊಂಡು ನೋಡು, ಆಮೇಲೆ ತೀರ್ಮಾನ ಮಾಡು" ಅಂದರು.

ಐದೇ ನಿಮಿಷಕ್ಕೆ ಅದು ಹೊಡೆದುಕೊಂಡಿತು. ಪಾರ್ಟಿ ಮುಂದೂಡಿದ ಅದೇ ಗೆಳೆಯ! ಪರದೆಯ ಮೇಲೆ ಹಸಿರು ಗುಂಡಿ ಕುಣಿಯುತ್ತಿತ್ತು. ಒತ್ತಿದೆ. ಕುಣಿತ ನಿಲ್ಲಲಿಲ್ಲ. ಜೋರಾಗಿ ಒತ್ತಿದೆ. ಉಗುರಿನಿಂದ ಒತ್ತಿದೆ. ಮೇಜಿನ ಮೇಲಿಟ್ಟು, ಮೇಲೆ ಬಗ್ಗಿ, ಮೈಯ ಭಾರವನ್ನೆಲ್ಲ ಹೆಬ್ಬೆರಳಿಗೆ ಇಳಿಸಿ ಒತ್ತಿದೆ. ಮೇಜು ಕಿರುಗುಟ್ಟಿತು.

"ಮಾವಾ, ಒತ್ತಬಾರ್ದು! ಸರಿಸ್ಬೇಕು!" ಅಂತ ಅಕ್ಕನ ಮಗಳು ಕೂಗಿದಳು.

"ಯಾವ ಕಡೆಗೆ?" ಅನ್ನುತ್ತಲೇ ನಾನು ಕೆಳಗೆ ಸರಿಸಿದೆ. ಫೋನು ಗಪ್‌ಚುಪ್.

"ಅಯ್ಯೋ, ಮೇಲಕ್ಕೆ ಮಾವಾ! ಕೆಳಗೆ ಅಂದ್ರೆ ಕಟ್!"

ಅವನು ಮತ್ತೆ ಮಾಡಿದ. ಈ ಸಲ ಅವಸರದಲ್ಲಿ ಕೈ ತೊಳೆದು ಬಂದಿದ್ದೆ, ಒದ್ದೆ ಬೆರಳು ಎಲ್ಲೆಲ್ಲೋ ಜಾರಿತು. ಮತ್ತೆ ಕಟ್. ಆ ಪರದೆಗೆ ಒತ್ತುವ ಬಲ ಲೆಕ್ಕಕ್ಕೇ ಇಲ್ಲವಂತೆ. ಚರ್ಮ ತಾಗಿದಾಗ ಅದರ ಮೇಲಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ವ್ಯತ್ಯಾಸ ಮಾತ್ರ ಅದಕ್ಕೆ ಗೊತ್ತಾಗುತ್ತದಂತೆ. ಉಗುರು ಅದರ ಪಾಲಿಗೆ ಇಲ್ಲವೇ ಇಲ್ಲ, ನೀರು ಬಿದ್ದರೆ ಗಲಿಬಿಲಿ. ಇದನ್ನೆಲ್ಲ ಆ ಹುಡುಗಿ ಹೇಳಿ ಮುಗಿಸುವುದರೊಳಗೆ ಅವನ ಫೋನು ಬರುವುದು ನಿಂತುಹೋಗಿತ್ತು.

ಸಂಜೆ ಸಿಮ್ಮನ್ನು ವಾಪಸ್ ನನ್ನ ಫೋನಿಗೆ ಹಾಕಿಕೊಂಡು ಕೂತೆ. ಕೀಪ್ಯಾಡಿನಲ್ಲಿ 2ರ ಗುರುತು ಅಳಿಸಿಹೋಗಿದೆ. ಅದನ್ನು ಒತ್ತಿ ಹಿಡಿದರೆ ಅಕ್ಕನಿಗೆ ಹೋಗುತ್ತದೆ. ಮೊದಲೆಲ್ಲ ರಾತ್ರಿ ಒಂಬತ್ತಕ್ಕೆ ಅವಳೇ ಮಾಡುವಳು, ಇಲ್ಲದಿದ್ದರೆ ನಾನು. ಹೇಳಲು ಏನೂ ಇರುತ್ತಿರಲಿಲ್ಲ, ಹತ್ತು ನಿಮಿಷ ಹೇಗೋ ಆಗುತ್ತಿತ್ತು. ಮಗಳಿಗೆ ಹಲ್ಲು ಬಿದ್ದಿದ್ದೂ ನನಗೆ ಗೊತ್ತಾಗುತ್ತಿತ್ತು. ಈಗ ತಿಂಗಳಿಗೊಮ್ಮೆ ಮಾಡಿ ಏನು ಸಮಾಚಾರ ಅಂದರೆ, "ಎಲ್ಲಾ ಹಾಕಿದ್ದೀನಲ್ಲೋ ಗ್ರೂಪಲ್ಲಿ" ಅನ್ನುತ್ತಾಳೆ. ಆಮೇಲೆ ನಾನು ಅದರಲ್ಲಿಲ್ಲ ಅನ್ನುವುದು ನೆನಪಾಗಿ ಹೇಳಲು ಶುರು ಮಾಡುತ್ತಾಳೆ. ಒಂದು ಸಲ ಹೇಳಿ ಮುಗಿಸಿದವರ ದನಿ ಅದು. ಬೇಗ ಮುಗಿಯುತ್ತದೆ.

ಇದನ್ನು ಯೋಚಿಸುತ್ತಾ ಕೂತಿರುವಾಗ ಅಕ್ಕನ ಮಗಳು ಅಮ್ಮನ ಫೋನು ಹಿಡಿದು ಓಡಿ ಬಂದಳು. "ಮಾವಾ, ನೀವು ಫ್ರೆಂಡ್ ಮೇಲೆ ಕೋಪ ಮಾಡ್ಕೊಂಡಿದ್ದೀರಂತೆ!"

ಆಗಿದ್ದಿಷ್ಟು. ಎರಡು ಸಲ ಕಟ್ ಮಾಡಿದ್ದಕ್ಕೆ ಗೆಳೆಯ ನೊಂದು ಗ್ರೂಪಲ್ಲಿ ಹಾಕಿದ್ದ. ನಾನು ತುಂಬಾ ಬೇಜಾರಾಗಿದ್ದೇನೆ, ಫೋನೂ ಎತ್ತುತ್ತಿಲ್ಲ ಅಂತ. ಕೆಳಗೆ ಸಾಲು ಸಾಲಾಗಿ ಸಮಾಧಾನ. ಅವನು ಮೊದಲಿಂದಲೂ ಸೂಕ್ಷ್ಮ ಅಂತ ಒಬ್ಬರು. ಎರಡು ದಿನ ಬಿಟ್ಟುಬಿಡಿ, ಸರಿಹೋಗ್ತಾನೆ ಅಂತ ಇನ್ನೊಬ್ಬರು. ಕೈ ಮುಗಿದ ಚಿತ್ರಗಳಂತೂ ಲೆಕ್ಕವಿಲ್ಲ. ನನ್ನ ಕೋಪಕ್ಕೆ ಅಷ್ಟೂ ಜನ ಸಾಕ್ಷಿ, ನನಗೊಬ್ಬನಿಗೇ ಸುದ್ದಿಯಿಲ್ಲ.

"ಚಿಂತೆ ಮಾಡಬೇಡ," ಅಂದರು ಭಾವ. "ಅವನಿಗೆ ಸರಿಸೋಕೆ ಬರಲ್ಲ ಅಷ್ಟೇ ಅಂತ ನಾನೇ ಹಾಕಿದೀನಿ. ಫೋಟೋ ಸಮೇತ. ನೀನು ಮೇಜಿನ ಮೇಲೆ ಬಗ್ಗಿ ಒತ್ತಾ ಇದ್ಯಲ್ಲ, ಆಗ ತೆಗೆದಿದ್ದು. ಬಿದ್ದು ಬಿದ್ದು ನಗ್ತಿದಾರೆ ಎಲ್ಲ."

"ಎಲ್ಲಿ, ತೋರಿಸಿ," ಅಂದೆ.

ಕನ್ನಡಕ ಹಣೆಗೆ ಏರಿತು. "ಒಂದ್ನಿಮಿಷ," ಅಂದರು.